ಒಂದೇ ಮತದಿಂದ ಗೆದ್ದ ಕೌನ್ಸಿಲರ್: ಗಟಾರ, ನಳ, ಮನೆಪಟ್ಟಿ ನೋಡಿಕೊಂಡ ಸರ್ದಾರ್ ಪಟೇಲ್

ಪ್ರತಿ ವರ್ಷ ಅಕ್ಟೋಬರ್ 31 ಬಂದರೆ ತಾಲ್ಲೂಕು ಕಚೇರಿ, ಶಾಲೆ, ಪೊಲೀಸ್ ಠಾಣೆಗಳಲ್ಲಿ ಸರ್ದಾರ್ ವಲ್ಲಭಭಾಯಿ ಪಟೇಲರ ಫೋಟೋಕ್ಕೆ ಹಾರ ಬೀಳುತ್ತದೆ. ಏಕತಾ ದಿನದ ಪ್ರತಿಜ್ಞೆ ನಡೆಯುತ್ತದೆ. ಐನೂರಕ್ಕೂ ಹೆಚ್ಚು ಸಂಸ್ಥಾನಗಳನ್ನು ಒಂದು ಮಾಡಿದವರು, ಉಕ್ಕಿನ ಮನುಷ್ಯ, ದೇಶದ ಮೊದಲ ಗೃಹಮಂತ್ರಿ. ಇಷ್ಟು ಎಲ್ಲರಿಗೂ ಗೊತ್ತು.

ಗೊತ್ತಿಲ್ಲದ ವಿಷಯ ಇನ್ನೊಂದಿದೆ. ಈ ಮನುಷ್ಯ ದೆಹಲಿಗೆ ಹೋಗುವ ಎಷ್ಟೋ ವರ್ಷ ಮೊದಲು ಒಂದು ಊರಿನ ಪುರಸಭೆಯಲ್ಲಿ ವಾರ್ಡ್ ಸದಸ್ಯರಾಗಿದ್ದರು. ಗಟಾರ ತುಂಬಿದ್ದು, ನಳದಲ್ಲಿ ನೀರು ಬಾರದ್ದು, ಕೆರೆ ಜಾಗದ ತಕರಾರು, ಪಟ್ಟಿ ವಸೂಲಿ, ಪಾರ್ಕಿನಲ್ಲಿ ಮೂರ್ತಿ ಇಡುವ ಜಗಳ, ಇದೆಲ್ಲ ಅವರ ಮೇಜಿನ ಮೇಲೆ ಬಂದಿತ್ತು. 1917ರಿಂದ 1928ರವರೆಗೆ, ನಡುವೆ ಎರಡು ವರ್ಷ ಬಿಟ್ಟರೆ, ಅಹಮದಾಬಾದ್ ಪುರಸಭೆಯೇ ಅವರ ಕೆಲಸದ ಜಾಗ.

ನಮ್ಮ ಭಾಗದವರಿಗೆ ಇದರಲ್ಲಿ ಇನ್ನೊಂದು ನಂಟಿದೆ. ಆಗ ಕಾರವಾರ, ಧಾರವಾಡ, ಬೆಳಗಾವಿ, ವಿಜಯಪುರ ಜಿಲ್ಲೆಗಳೂ ಅಹಮದಾಬಾದೂ ಒಂದೇ ಮುಂಬೈ ಪ್ರಾಂತ್ಯದಲ್ಲಿದ್ದವು. ಪಟೇಲರು ಪುರಸಭೆಗೆ ಕಾಲಿಟ್ಟಾಗ ಅಲ್ಲಿ ನಡೆಯುತ್ತಿದ್ದದ್ದು 1901ರ ಮುಂಬೈ ಜಿಲ್ಲಾ ಪುರಸಭೆ ಕಾಯ್ದೆ. ಹುಬ್ಬಳ್ಳಿ, ಧಾರವಾಡದ ಪುರಸಭೆಗಳೂ ಅದೇ ಕಾಯ್ದೆಯ ಕೆಳಗೆ ಇದ್ದಂಥವು.

ಕರಮಸದ್ ಹುಡುಗ, ಗೋಧ್ರಾದ ವಕೀಲ

ಗುಜರಾತಿನ ಆಗಿನ ಖೇಡಾ ಜಿಲ್ಲೆಯ ಕರಮಸದ್ ಪಟೇಲರ ಊರು. ತಂದೆ ಝವೇರಭಾಯಿ, ತಾಯಿ ಲಾಡಬಾಯಿ. ಹುಟ್ಟಿದ್ದು ನಡಿಯಾದಿನಲ್ಲಿ, ತಾಯಿಯ ತವರಲ್ಲಿ. 1875ರ ಅಕ್ಟೋಬರ್ 31 ಎಂಬ ತಾರೀಖು ಮೆಟ್ರಿಕ್ ಪರೀಕ್ಷೆಯ ಅರ್ಜಿಯಲ್ಲಿ ಅವರೇ ಬರೆದಿದ್ದು. ಒಕ್ಕಲುತನದ ಮನೆ, ದುಡ್ಡಿನ ತಾಪತ್ರಯ. ಮೆಟ್ರಿಕ್ ಮುಗಿಸುವಾಗ ವಯಸ್ಸು 22. ಕಾಲೇಜಿಗೆ ಹೋಗುವಷ್ಟು ಅನುಕೂಲ ಇರಲಿಲ್ಲ. ಬೇರೆಯವರ ಹತ್ತಿರ ಪುಸ್ತಕ ಎರವಲು ತಂದು ಓದಿ ಜಿಲ್ಲಾ ವಕೀಲಿ ಪರೀಕ್ಷೆ ಪಾಸು ಮಾಡಿದರು. 1900ರಲ್ಲಿ ಗೋಧ್ರಾದಲ್ಲಿ ವಕೀಲಿ ಶುರು, ಆಮೇಲೆ ಬೋರ್ಸದ್.

ಗೋಧ್ರಾದಲ್ಲಿ ಇದ್ದಾಗ ಊರಿಗೆ ಪ್ಲೇಗ್ ಬಂತು. ಗೆಳೆಯನೊಬ್ಬನಿಗೆ ರೋಗ ತಗುಲಿದಾಗ ಪಟೇಲರು ಅವನ ಆರೈಕೆ ಮಾಡಿದರು. ಅವರಿಗೂ ಗಡ್ಡೆ ಎದ್ದಿತು. ಹೆಂಡತಿಯನ್ನು ದೂರ ಕಳಿಸಿ, ತಾವು ನಡಿಯಾದಿಗೆ ಹೋಗಿ ಒಂಟಿಯಾಗಿ ಉಳಿದು ಬದುಕಿಕೊಂಡರು. ಈ ಅನುಭವ ಮುಂದೆ ಅಹಮದಾಬಾದಿನಲ್ಲಿ ಮತ್ತೆ ಎದುರಾಗುವುದಿತ್ತು.

1909ರಲ್ಲಿ ಪತ್ನಿ ಝವೇರಬಾ ಮುಂಬೈಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಸುದ್ದಿಯ ಚೀಟಿ ಬಂದಾಗ ಪಟೇಲರು ಕೋರ್ಟಿನಲ್ಲಿ ಸಾಕ್ಷಿಯ ಪಾಟೀಸವಾಲು ಮಾಡುತ್ತಿದ್ದರು. ಚೀಟಿ ಓದಿ ಜೇಬಿಗೆ ಇಟ್ಟುಕೊಂಡು ಕೆಲಸ ಮುಗಿಸಿದರು. ಹೊರಗೆ ಬಂದ ಮೇಲೇ ಉಳಿದವರಿಗೆ ವಿಷಯ ತಿಳಿದದ್ದು. ಮಗಳು ಮಣಿಬೆನ್, ಮಗ ಡಾಹ್ಯಾಭಾಯಿ ಆಗ ಚಿಕ್ಕವರು. ಪಟೇಲರು ಮತ್ತೆ ಮದುವೆ ಆಗಲಿಲ್ಲ.

1910ರಲ್ಲಿ ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರಿ ಓದಿದರು. ಮೂರು ವರ್ಷದ ಓದನ್ನು ಎರಡೂವರೆ ವರ್ಷದಲ್ಲಿ ಮುಗಿಸಿ 1913ರಲ್ಲಿ ವಾಪಸ್ ಬಂದು ಅಹಮದಾಬಾದಿನಲ್ಲಿ ನೆಲೆಸಿದರು. ಕೋಟು, ಟೈ, ಒಳ್ಳೆ ಸಂಪಾದನೆ. ಕ್ರಿಮಿನಲ್ ಕೇಸು ಅಂದ್ರೆ ಪಟೇಲರ ಹೆಸರು ಮೊದಲು ಬರುತ್ತಿತ್ತು. ಸಂಜೆ ಗುಜರಾತ್ ಕ್ಲಬ್ಬಿನಲ್ಲಿ ಬ್ರಿಜ್ ಆಟ. ಗಾಂಧೀಜಿ ಅದೇ ಊರಿನಲ್ಲಿ ಆಶ್ರಮ ಕಟ್ಟಿ ಕ್ಲಬ್ಬಿಗೆ ಮಾತಾಡಲು ಬಂದಾಗ ಪಟೇಲರು ಇಸ್ಪೀಟು ಬಿಟ್ಟು ಏಳಲಿಲ್ಲ. ಪಕ್ಕದಲ್ಲಿದ್ದ ಮಾವಳಂಕರ್ ಎದ್ದು ಹೊರಟಾಗ ಅವರನ್ನೂ ತಮಾಷೆ ಮಾಡಿದರು. ಈ ಮಾವಳಂಕರರೇ ಮುಂದೆ ಲೋಕಸಭೆಯ ಮೊದಲ ಸ್ಪೀಕರ್ ಆದವರು, ಅದಕ್ಕೂ ಮೊದಲು ಅಹಮದಾಬಾದ್ ಪುರಸಭೆಗೆ ಅಧ್ಯಕ್ಷರೂ ಆಗಿದ್ದರು.

ದರಿಯಾಪುರ ವಾರ್ಡು, ಒಂದು ಮತ

ಆಗಿನ ಅಹಮದಾಬಾದ್ ಬಟ್ಟೆ ಗಿರಣಿಗಳ ಊರು. ಕೋಟೆ ಗೋಡೆಯ ಒಳಗೆ ಪೋಳ ಎಂದು ಕರೆಯುವ ಇಕ್ಕಟ್ಟಿನ ಕೇರಿಗಳು. ಗೋಡೆಯ ಹೊರಗೆ ಗಿರಣಿಗಳು, ಕೂಲಿಯವರ ಚಾಳುಗಳು. ಹಳ್ಳಿಗಳಿಂದ ಜನ ಬಂದು ಸೇರುತ್ತಲೇ ಇದ್ದರು. 1921ರ ಹೊತ್ತಿಗೆ ಊರಿನ ಜನಸಂಖ್ಯೆ ಎರಡೂವರೆ ಲಕ್ಷ ದಾಟಿತ್ತು. ನೀರು ಸಾಲದು, ಗಟಾರ ಸಾಲದು.

ಈ ಊರಿನಲ್ಲಿ ಪುರಸಭೆ ಕೆಲಸ ಅಂದ್ರೆ ಮೊದಲಿಂದಲೂ ಜಗಳದ ಕೆಲಸ. ಪಟೇಲರಿಗಿಂತ ಒಂದು ತಲೆಮಾರು ಮೊದಲು ರಣಛೋಡಲಾಲ್ ಛೋಟಾಲಾಲ್ ಎಂಬುವವರು ಅಧ್ಯಕ್ಷರಾಗಿದ್ದರು. ಊರಿಗೆ ಮೊದಲ ಬಟ್ಟೆ ಗಿರಣಿ ತಂದವರೂ ಅವರೇ. ನೆಲದಡಿಯ ಗಟಾರ, ಪೈಪಿನ ನೀರು ತರುತ್ತೇನೆ ಎಂದಾಗ ಊರಿನ ಜನವೇ ತಿರುಗಿ ಬಿದ್ದರು. ಖರ್ಚು ಹೆಚ್ಚು, ಪಟ್ಟಿ ಹೆಚ್ಚಾಗುತ್ತದೆ, ಎಲ್ಲ ಜಾತಿಯವರೂ ಒಂದೇ ಪೈಪಿನ ನೀರು ಕುಡಿಯುವುದು ಹೇಗೆ ಎಂಬ ತಕರಾರು. ಅವರು ಹಟ ಬಿಡಲಿಲ್ಲ, 1890ರ ದಶಕದಲ್ಲಿ ಊರಿಗೆ ಪೈಪಿನ ನೀರು ಬಂತು. ಪಟೇಲರ ಕೈಗೆ ಬಂದದ್ದು ಅದೇ ಹಳೆ ಪೈಪು, ಅದೇ ಗಟಾರ. ಊರು ಮಾತ್ರ ಎಷ್ಟೋ ಪಟ್ಟು ಬೆಳೆದಿತ್ತು.

ಪುರಸಭೆಯಲ್ಲಿ ಆಗ ಶಿಲಿಡಿ ಎಂಬ ಐಸಿಎಸ್ ಅಧಿಕಾರಿ ಕಮಿಷನರ್. ಸರ್ಕಾರ ನೇಮಿಸಿದ ಬ್ರಿಟಿಷ್ ಅಧಿಕಾರಿ, ಸದಸ್ಯರ ಮಾತಿಗೆ ಕಿಮ್ಮತ್ತು ಕೊಡುತ್ತಿರಲಿಲ್ಲ. ಸಭೆಯಲ್ಲಿ ಅವರನ್ನು ಎದುರಿಸುವ ಧೈರ್ಯ ಯಾರಿಗೂ ಇಲ್ಲ. ಕಾನೂನು ಗೊತ್ತಿರುವ, ಹೆದರದ ಒಬ್ಬ ಮನುಷ್ಯ ಬೇಕು ಎಂದು ಗೆಳೆಯರು ಪಟೇಲರ ಬೆನ್ನು ಬಿದ್ದರು.

1917ರ ಜನವರಿಯಲ್ಲಿ ದರಿಯಾಪುರ ವಾರ್ಡಿನಿಂದ ಚುನಾವಣೆಗೆ ನಿಂತರು. ಗೆದ್ದಿದ್ದು ಒಂದೇ ಒಂದು ಮತದಿಂದ. ಅದೂ ನಿಲ್ಲಲಿಲ್ಲ, ಆ ಚುನಾವಣೆ ರದ್ದಾಯಿತು. ಮೇ ತಿಂಗಳಲ್ಲಿ ಮತ್ತೆ ಚುನಾವಣೆ ಬಂದಾಗ ಎದುರಿಗೆ ಯಾರೂ ನಿಲ್ಲಲಿಲ್ಲ. ಅವಿರೋಧವಾಗಿ ಆಯ್ಕೆಯಾದರು. ಮುಂದೆ ದೇಶದ ನಕಾಶೆ ಒಂದು ಮಾಡಿದ ಮನುಷ್ಯನ ಸಾರ್ವಜನಿಕ ಜೀವನ ಶುರುವಾಗಿದ್ದು ಹೀಗೆ.

ಕೆರೆ ಜಾಗದ ಪ್ರಶ್ನೆ

ಪುರಸಭೆಗೆ ಬಂದವರು ಮೊದಲು ಮಾಡಿದ್ದು ಭಾಷಣ ಅಲ್ಲ, ಓದು. ಕಾಯ್ದೆ, ಹಳೆಯ ಠರಾವುಗಳು, ಫೈಲುಗಳು. ಯಾವ ಕೆಲಸಕ್ಕೆ ಕಮಿಷನರಿಗೆ ಅಧಿಕಾರ ಇದೆ, ಯಾವುದಕ್ಕೆ ಸಭೆಯ ಒಪ್ಪಿಗೆ ಬೇಕು ಎಂಬುದನ್ನು ಕೋರ್ಟಿನ ಕೇಸಿನ ಹಾಗೆ ತಿಳಿದುಕೊಂಡರು.

ಆ ಫೈಲುಗಳಲ್ಲಿ ಒಂದು ಕೆರೆಯ ವಿಷಯ ಇತ್ತು. ಕೆರೆ ತನ್ನದು ಅಂತ ಪುರಸಭೆ, ಅಲ್ಲ ತನ್ನದು ಅಂತ ಒಬ್ಬ ಕಾರ್ಖಾನೆ ಮಾಲೀಕ. ಕಮಿಷನರು ಪುರಸಭೆಯ ಪರ ನಿಲ್ಲುವುದು ಬಿಟ್ಟು ಆ ಕಡೆಗೆ ವಾಲಿದ್ದಾರೆ, ಸಭೆಗೆ ಪೂರ್ತಿ ವಿಷಯ ತಿಳಿಸಿಲ್ಲ ಎಂಬುದು ಕಾಗದಗಳಿಂದ ಪಟೇಲರಿಗೆ ಕಂಡಿತು. ಅವರು ಎಲ್ಲವನ್ನೂ ಸಭೆಯ ಮುಂದೆ ಇಟ್ಟು ಕಮಿಷನರ ವಿರುದ್ಧ ಠರಾವು ತಂದರು. ಠರಾವು ಪಾಸಾಯಿತು. ಶಿಲಿಡಿ ಅಹಮದಾಬಾದಿನಿಂದ ಹೋಗಬೇಕಾಯಿತು.

ಬ್ರಿಟಿಷರ ಕಾಲದಲ್ಲಿ, ಪುರಸಭೆಯ ಸದಸ್ಯರು ಕಾಗದಪತ್ರ ಹಿಡಿದು ಒಬ್ಬ ಐಸಿಎಸ್ ಅಧಿಕಾರಿಯನ್ನು ಕದಲಿಸಿದ್ದು ಸಣ್ಣ ಮಾತಲ್ಲ. ಕೂಗಾಟ ಇಲ್ಲ, ಕುರ್ಚಿ ಎತ್ತಿ ಹಾಕಿದ್ದಿಲ್ಲ. ಪುರಸಭೆಯ ಆಸ್ತಿ ಯಾವುದು ಎಂದು ತೋರಿಸುವ ದಾಖಲೆ ಇತ್ತು, ಅದನ್ನು ಓದಿದ ಸದಸ್ಯ ಒಬ್ಬ ಇದ್ದ.

ಊರು ಬಿಟ್ಟವರು, ಊರಲ್ಲಿ ಉಳಿದವರು

ಅದೇ 1917ರಲ್ಲಿ ಅಹಮದಾಬಾದಿಗೆ ಪ್ಲೇಗ್ ಬಂತು. ಪಟೇಲರು ಆಗ ಪುರಸಭೆಯ ನೈರ್ಮಲ್ಯ ಸಮಿತಿ ಅಧ್ಯಕ್ಷರು. ಶಾಲೆಗಳು ಮುಚ್ಚಿದವು, ಕೋರ್ಟು ಮುಚ್ಚಿತು. ಅನುಕೂಲ ಇದ್ದವರೆಲ್ಲ ಗಂಟುಮೂಟೆ ಕಟ್ಟಿ ಊರು ಬಿಟ್ಟರು. ವಕೀಲಿ ಕೆಲಸವೂ ಇಲ್ಲದ ಮೇಲೆ ಪಟೇಲರು ಹೋಗಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಅವರು ಭದ್ರದ ಮನೆಯಲ್ಲೇ ಉಳಿದರು. ಕೇರಿ ಕೇರಿಗೆ ನಡೆದು ಹೋಗಿ ಗಟಾರ ತೆಗೆಸಿದರು, ಪ್ಲೇಗ್ ತಗುಲಿದ ಮನೆಗಳಿಗೆ ಔಷಧಿ ಹೊಡೆಸಿದರು. ಕೆಲಸ ಮಾಡುವ ಸಫಾಯಿಯವರ ಜೊತೆ ನಿಂತರು. ಸಮಿತಿ ಅಧ್ಯಕ್ಷನೇ ಊರಲ್ಲಿ ಇಲ್ಲದಿದ್ದರೆ ಗಟಾರಕ್ಕೆ ಇಳಿಯುವವನಿಗೆ ಇಳಿ ಎಂದು ಹೇಳುವ ಬಾಯಿ ಯಾರಿಗೆ ಇರುತ್ತದೆ? ಈ ಓಡಾಟದಲ್ಲಿ ಅವರ ಆರೋಗ್ಯ ಕೆಟ್ಟಿತು. ಒಮ್ಮೆ ಪ್ಲೇಗಿನಿಂದ ಸಾವಿನ ಬಾಗಿಲಿಗೆ ಹೋಗಿ ಬಂದವರು, ತಾಯಿ ಇಲ್ಲದ ಎರಡು ಮಕ್ಕಳ ತಂದೆ, ತಿಳಿದೂ ತಿಳಿದೂ ಮಾಡಿದ ಕೆಲಸ ಇದು.

1918ರಲ್ಲಿ ಇನ್‌ಫ್ಲುಯೆಂಜಾ ಬಂದಾಗಲೂ ಹಾಗೆಯೇ. ಗುಜರಾತ್ ಸಭಾ ವತಿಯಿಂದ ತಾತ್ಕಾಲಿಕ ಆಸ್ಪತ್ರೆ ನಡೆಸುವುದಕ್ಕೆ ನಿಂತರು. ಅದೇ ವರ್ಷ ಗಾಂಧೀಜಿ ಜೊತೆ ಖೇಡಾ ಜಿಲ್ಲೆಯ ರೈತರ ಕರ ನಿರಾಕರಣೆಗೆ ಹೋದರು. ಕ್ಲಬ್ಬಿನಲ್ಲಿ ಇಸ್ಪೀಟು ಆಡುತ್ತಿದ್ದ ಬ್ಯಾರಿಸ್ಟರು ಹಳ್ಳಿ ಹಳ್ಳಿ ತಿರುಗಲು ಶುರು ಮಾಡಿದರು. ಆಮೇಲೆ ಕೋಟು ಹೋಗಿ ಖಾದಿ ಬಂತು, ವಕೀಲಿಯೂ ಬಿಟ್ಟುಹೋಯಿತು.

1919ರಿಂದ ಪುರಸಭೆಯ ಮ್ಯಾನೇಜಿಂಗ್ ಕಮಿಟಿಯ ಅಧ್ಯಕ್ಷತೆ. ಆ ಕಾಲದ ಕಾಯ್ದೆಯಲ್ಲಿ ಹೆಂಗಸರು ಪುರಸಭೆ ಚುನಾವಣೆಗೆ ನಿಲ್ಲುವ ಹಾಗಿರಲಿಲ್ಲ. ಆ ನಿಯಮ ತೆಗೆಯಬೇಕು ಎಂದು ಅಹಮದಾಬಾದ್ ಪುರಸಭೆಯಲ್ಲಿ ಠರಾವು ತಂದವರು ಪಟೇಲರು. ಈಗ ನಮ್ಮ ಪುರಸಭೆಗಳಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳದ್ದು. ಆಗ ಒಂದು ಸೀಟಿಗೂ ಬಾಗಿಲು ತೆರೆದಿರಲಿಲ್ಲ.

ಅನುದಾನ ಬೇಡ ಎಂದ ಪುರಸಭೆ

ಇಂದಿನ ಪುರಸಭೆಗಳು ಅನುದಾನ ಬರಲಿಲ್ಲ ಎಂದು ಬೆಂಗಳೂರಿಗೆ ಪತ್ರ ಬರೆಯುತ್ತವೆ. 1921ರಲ್ಲಿ ಅಹಮದಾಬಾದ್ ಪುರಸಭೆ ಮಾಡಿದ್ದು ಉಲ್ಟಾ. ಅಸಹಕಾರ ಚಳವಳಿಯ ಕಾಲ. ಪ್ರಾಥಮಿಕ ಶಾಲೆಗಳು ಪುರಸಭೆಯವು, ಆದರೆ ಸರ್ಕಾರ ಗ್ರಾಂಟ್ ಕೊಡುತ್ತಿತ್ತು, ಆ ಗ್ರಾಂಟಿನ ನೆಪದಲ್ಲಿ ಇನ್‌ಸ್ಪೆಕ್ಟರುಗಳ ಕೈಯಲ್ಲಿ ಶಾಲೆ ಇತ್ತು. ನಿಮ್ಮ ಗ್ರಾಂಟೂ ಬೇಡ, ನಿಮ್ಮ ತಪಾಸಣೆಯೂ ಬೇಡ ಎಂದು ಪಟೇಲರ ಮುಂದಾಳತ್ವದಲ್ಲಿ ಪುರಸಭೆ ಠರಾವು ಮಾಡಿತು.

ವಿಭಾಗದ ಕಮಿಷನರ್ ಪ್ರ್ಯಾಟ್ ಸುಮ್ಮನಿರಲಿಲ್ಲ. ಗ್ರಾಂಟ್ ತಗೊಳ್ಳದಿದ್ದರೂ ಕಾಯ್ದೆ ಪ್ರಕಾರ ಶಾಲೆಗಳ ಮೇಲೆ ಸರ್ಕಾರದ ಹತೋಟಿ ಇದ್ದೇ ಇದೆ ಎಂಬುದು ಅವರ ವಾದ. ಪತ್ರದ ಮೇಲೆ ಪತ್ರ, ನೋಟಿಸಿನ ಮೇಲೆ ನೋಟಿಸ್. ಕೊನೆಗೆ 1922ರ ಫೆಬ್ರವರಿಯಲ್ಲಿ ಸರ್ಕಾರ ಪುರಸಭೆಯನ್ನೇ ಅಮಾನತು ಮಾಡಿತು. ತನಗೆ ಬೇಕಾದವರ ಸಮಿತಿ ನೇಮಿಸಿತು. ಇಂದಿನ ಭಾಷೆಯಲ್ಲಿ ಹೇಳೋದಾದ್ರೆ ಸೂಪರ್‌ಸೀಡ್.

ಅಷ್ಟರಲ್ಲಿ ಪುರಸಭೆ ಶಾಲೆಗಳನ್ನು ನಡೆಸಲು ಜನರದ್ದೇ ಒಂದು ಶಿಕ್ಷಣ ಮಂಡಳಿ ಮಾಡಿ ಅದಕ್ಕೆ ಹಣ ಕೊಟ್ಟಿತ್ತು. ಒಂದೂವರೆ ಲಕ್ಷಕ್ಕೂ ಮೇಲಿನ ಮೊತ್ತ, ಆ ಕಾಲದಲ್ಲಿ ಭಾರೀ ದುಡ್ಡು. ಪುರಸಭೆಯ ಹಣ ದುರುಪಯೋಗ ಆಗಿದೆ, ಪಟೇಲರೂ ಜೊತೆಯ ಸದಸ್ಯರೂ ಕೈಯಿಂದ ತುಂಬಿಕೊಡಬೇಕು ಎಂದು ದಾವೆ ಬಿತ್ತು. ಸೋತಿದ್ದರೆ ಮನೆಮಠ ಹೋಗುತ್ತಿತ್ತು. ದಾವೆ ಜಿಲ್ಲಾ ಕೋರ್ಟಿನಲ್ಲಿ ಬಿದ್ದುಹೋಯಿತು, ಹೈಕೋರ್ಟಿನಲ್ಲೂ ನಿಲ್ಲಲಿಲ್ಲ.

ಈ ಜಗಳದ ನಡುವೆಯೇ 1921ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಅಧಿವೇಶನ ಅಹಮದಾಬಾದಿನಲ್ಲಿ ನಡೆಯಿತು. ಸ್ವಾಗತ ಸಮಿತಿ ಅಧ್ಯಕ್ಷರು ಪಟೇಲರೇ. ದೇಶದ ಮೂಲೆ ಮೂಲೆಯಿಂದ ಬಂದ ಸಾವಿರಾರು ಜನರಿಗೆ ನೀರು, ಸಂಡಾಸು, ವಸತಿ ಮಾಡಬೇಕು. ಅಧಿವೇಶನದಲ್ಲಿ ಕುರ್ಚಿ ತೆಗೆದು ನೆಲದ ಮೇಲೆ ಕೂರುವ ಪದ್ಧತಿ ಶುರುವಾಗಿದ್ದೂ ಅಲ್ಲಿಂದಲೇ. ಪುರಸಭೆಯಲ್ಲಿ ಕಲಿತ ವಿದ್ಯೆ ಅಲ್ಲಿ ಉಪಯೋಗಕ್ಕೆ ಬಂತು.

ಅಧ್ಯಕ್ಷರ ಖುರ್ಚಿ

1924ರಲ್ಲಿ ಮತ್ತೆ ಚುನಾವಣೆ ನಡೆದು, ಪಟೇಲರು ಪುರಸಭೆಯ ಅಧ್ಯಕ್ಷರಾದರು. ಆ ವರ್ಷ ದೇಶದಲ್ಲಿ ಎಲ್ಲಿ ನೋಡಿದರೂ ಸ್ವಾತಂತ್ರ್ಯ ಹೋರಾಟದ ದೊಡ್ಡ ಹೆಸರುಗಳೇ ಊರ ಆಡಳಿತದಲ್ಲಿ ಇದ್ದವು. ಅಲಹಾಬಾದಿನಲ್ಲಿ ನೆಹರೂ, ಪಾಟ್ನಾದಲ್ಲಿ ರಾಜೇಂದ್ರ ಪ್ರಸಾದ್, ಕಲ್ಕತ್ತಾದಲ್ಲಿ ಸಿ.ಆರ್. ದಾಸ್, ಮುಂಬೈಯಲ್ಲಿ ಪಟೇಲರ ಅಣ್ಣ ವಿಠ್ಠಲಭಾಯಿ. ಅದೇ ವರ್ಷದ ಕೊನೆಗೆ ಗಾಂಧೀಜಿ ಅಧ್ಯಕ್ಷತೆಯಲ್ಲಿ ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದದ್ದು.

ಅಧ್ಯಕ್ಷರಾದ ಕೂಡಲೇ ಎದುರಾದ ಪ್ರಶ್ನೆ ಎಲ್ಲ ಊರಿನದ್ದೂ ಒಂದೇ. ಕೆಲಸಕ್ಕೆ ದುಡ್ಡೆಲ್ಲಿ? ಮುಂಬೈ ಪ್ರಾಂತ್ಯದ ಪುರಸಭೆಗಳಿಗೆ ಮುಖ್ಯ ಆದಾಯ ಜಕಾತಿ, ಅಂದ್ರೆ ಆಕ್ಟ್ರಾಯ್. ಊರ ಬಾಗಿಲಲ್ಲಿ ನಾಕೆ, ಒಳಗೆ ಬರುವ ಸರಕಿಗೆಲ್ಲ ಸುಂಕ. ನಮ್ಮ ರಾಜ್ಯದಲ್ಲಿ 1979ರಲ್ಲಿ ಅದು ರದ್ದಾಯಿತು, ಹಳೆಯ ಅಂಗಡಿಕಾರರಿಗೆ ಆ ನಾಕೆಗಳ ನೆನಪು ಇನ್ನೂ ಇದೆ. ಜಕಾತಿ ಬಿಟ್ಟರೆ ಮನೆಪಟ್ಟಿ, ನೀರಿನ ಪಟ್ಟಿ. ಪಟ್ಟಿ ಏರಿಸಿದರೆ ಜನ ಬಯ್ಯುತ್ತಾರೆ, ಏರಿಸದಿದ್ದರೆ ನಳದಲ್ಲಿ ನೀರು ಬರಲ್ಲ. ಈ ಇಕ್ಕಟ್ಟು ರಣಛೋಡಲಾಲರ ಕಾಲದಿಂದ ಇವತ್ತಿನ ತನಕ ಬದಲಾಗಿಲ್ಲ.

ಪಟೇಲರ ವಿಚಿತ್ರ ಇರುವುದು ಇಲ್ಲಿ. ಒಂದು ಕಡೆ ಅವರು ಕರ ಕೊಡಬೇಡಿ ಎಂದು ಚಳವಳಿ ಮಾಡಿದ ಮನುಷ್ಯ. 1923ರಲ್ಲಿ ಬೋರ್ಸದ್ ತಾಲ್ಲೂಕಿನಲ್ಲಿ ಡಕಾಯಿತರ ಹಾವಳಿ ತಡೆಯಲು ಪೊಲೀಸರನ್ನು ಇಟ್ಟ ಸರ್ಕಾರ, ಅದರ ಖರ್ಚನ್ನು ಜನರ ಮೇಲೆ ಹಾಕಿತು. ವಯಸ್ಸಿಗೆ ಬಂದ ಒಬ್ಬೊಬ್ಬರಿಗೆ 2 ರೂಪಾಯಿ 7 ಆಣೆ. ಡಕಾಯಿತರಿಂದ ಲೂಟಿಯಾದವರೇ ದಂಡ ಕಟ್ಟಬೇಕು! ಪಟೇಲರು ಊರೂರಿಗೆ ಹೋಗಿ ಯಾರೂ ಕಟ್ಟದ ಹಾಗೆ ಮಾಡಿದರು. 1924ರ ಜನವರಿಯಲ್ಲಿ ಸರ್ಕಾರ ಆ ಕರ ಕೈಬಿಟ್ಟಿತು. ಅದೇ ಸುಮಾರಿಗೆ ಅದೇ ಮನುಷ್ಯ ಅಹಮದಾಬಾದಿನಲ್ಲಿ ಪಟ್ಟಿ ವಸೂಲಿ ಮಾಡುವ ಪುರಸಭೆಯ ಅಧ್ಯಕ್ಷ.

ಮೇಲ್ನೋಟಕ್ಕೆ ಎರಡೂ ತಾಳೆ ಆಗಲ್ಲ ಅನಿಸುತ್ತದೆ. ಯೋಚಿಸಿದರೆ ಆಗುತ್ತದೆ. ಬೋರ್ಸದಿನ ಕರಕ್ಕೆ ಜನರನ್ನು ಯಾರೂ ಕೇಳಿರಲಿಲ್ಲ, ಜನರಿಗೆ ಏನೂ ಸಿಗುತ್ತಲೂ ಇರಲಿಲ್ಲ. ಪುರಸಭೆಯ ಪಟ್ಟಿ ಊರಿನವರೇ ಆರಿಸಿದವರು ಹಾಕಿದ್ದು, ಅದು ನೀರಾಗಿ, ಗಟಾರವಾಗಿ ಅದೇ ಊರಿಗೆ ವಾಪಸ್ ಬರಬೇಕು. ಬಂದಿಲ್ಲ ಅಂದ್ರೆ ಕೇಳುವ ಹಕ್ಕು ಪಟ್ಟಿ ಕಟ್ಟಿದವನಿಗೆ ಇದೆ. ಪಟೇಲರ ಎರಡೂ ಕೆಲಸದ ಹಿಂದೆ ಇದ್ದ ಲೆಕ್ಕ ಇದು.

ಅವರ ಅವಧಿಯಲ್ಲಿ ನೀರು ಮತ್ತು ಒಳಚರಂಡಿ ಕೆಲಸ ವಿಸ್ತಾರವಾಯಿತು. ಸಾಬರಮತಿ ನದಿಯ ಆಚೆ ದಡದಲ್ಲಿ ಎಲ್ಲಿಸ್ ಸೇತುವೆ ಕಡೆಯ ಬಡಾವಣೆಗೆ ಟೌನ್ ಪ್ಲಾನಿಂಗ್ ಆಯಿತು. 1915ರ ಮುಂಬೈ ಟೌನ್ ಪ್ಲಾನಿಂಗ್ ಕಾಯ್ದೆ ಬಳಸಿ, ಹೊಲಗಳ ಜಾಗದಲ್ಲಿ ಮೊದಲೇ ರಸ್ತೆ, ಸೈಟುಗಳ ನಕ್ಷೆ ಹಾಕುವ ಕೆಲಸ. ಜಾಗ ಕಳೆದುಕೊಳ್ಳುವವರ ವಿರೋಧ ಇದ್ದೇ ಇತ್ತು. ಮನೆ ಕಟ್ಟಿದ ಮೇಲೆ ರಸ್ತೆ ಹುಡುಕುವ ಬದಲು, ರಸ್ತೆ ಬಿಟ್ಟು ಮನೆ ಕಟ್ಟುವುದು ಎಂಬ ಸರಳ ವಿಷಯಕ್ಕೆ ಆಗಲೂ ಜಗಳ, ಈಗಲೂ ಜಗಳ.

ಪಾರ್ಕಿನಲ್ಲಿ ಮೂರ್ತಿ

ಅಹಮದಾಬಾದಿನಲ್ಲಿ ವಿಕ್ಟೋರಿಯಾ ಗಾರ್ಡನ್ ಅಂತ ಒಂದು ಪಾರ್ಕು. ಬ್ರಿಟಿಷ್ ರಾಣಿಯ ಹೆಸರಿನ ಆ ಪಾರ್ಕಿನಲ್ಲಿ ಲೋಕಮಾನ್ಯ ತಿಲಕರ ಮೂರ್ತಿ ಇಡಬೇಕು ಎಂದು ಪಟೇಲರ ಕಾಲದ ಪುರಸಭೆ ತೀರ್ಮಾನಿಸಿತು. ತಿಲಕರು ರಾಜದ್ರೋಹದ ಕೇಸಿನಲ್ಲಿ ಆರು ವರ್ಷ ಮಂಡಾಲೆ ಜೈಲಿಗೆ ಹೋಗಿ ಬಂದವರು. ರಾಣಿಯ ಪಾರ್ಕಿನಲ್ಲಿ ಅವರನ್ನು ಕೂರಿಸುವುದು ಅಂದ್ರೆ ಏನರ್ಥ ಎಂದು ಕಲೆಕ್ಟರಿಗೆ ಚೆನ್ನಾಗಿ ಗೊತ್ತಿತ್ತು. ಅವರು ವಿರೋಧ ಮಾಡಿದರು. ಪುರಸಭೆ ಹಿಂದೆ ಸರಿಯಲಿಲ್ಲ.

ಮೂರ್ತಿ ತಯಾರಾಗಿ 1929ರ ಫೆಬ್ರವರಿಯಲ್ಲಿ ಗಾಂಧೀಜಿ ಕೈಯಿಂದ ಅನಾವರಣ ಆಯಿತು. ಅಷ್ಟರಲ್ಲಿ ಪಟೇಲರು ಅಧ್ಯಕ್ಷ ಸ್ಥಾನ ಬಿಟ್ಟಾಗಿತ್ತು. ತಿಲಕರು ಕುರ್ಚಿಯಲ್ಲಿ ಕೂತಿರುವ ಆ ಮೂರ್ತಿ ಇವತ್ತಿಗೂ ಇದೆ. ಪಾರ್ಕಿಗೆ ಈಗ ತಿಲಕರದ್ದೇ ಹೆಸರು.

ಮಳೆಯ ರಾತ್ರಿ

1927ರ ಜುಲೈ. ಗುಜರಾತಿನಲ್ಲಿ ಹಿಂದೆ ಕಂಡಿರದಂಥ ಮಳೆ. ದಿನಗಟ್ಟಲೆ ಬಿಡದೆ ಸುರಿಯಿತು. ಒಂದು ವರ್ಷಕ್ಕೆ ಬರುವ ಮಳೆಗಿಂತ ಹೆಚ್ಚು ಮಳೆ ವಾರದೊಳಗೆ ಬಿತ್ತು. ನಮ್ಮ ಕರಾವಳಿಯವರಿಗೆ ಮಳೆ ಹೊಸದಲ್ಲ, ಆದರೆ ಅಹಮದಾಬಾದ್ ಒಣ ಊರು. ಮಣ್ಣಿನ ಗೋಡೆಯ ಮನೆಗಳು ಕುಸಿದವು.

ಒಂದು ನಡುರಾತ್ರಿ ಪಟೇಲರು ಮಳೆಯಲ್ಲೇ ಮನೆಯಿಂದ ಹೊರಬಿದ್ದು ಊರು ಸುತ್ತಿದರು. ನೀರು ಎಲ್ಲಿ ನಿಂತಿದೆ, ಯಾಕೆ ನಿಂತಿದೆ ಎಂದು ನೋಡಿ, ಪುರಸಭೆಯ ಇಂಜಿನಿಯರನ್ನು ಎಬ್ಬಿಸಿ ಕರೆದೊಯ್ದು, ನೀರು ಕಟ್ಟಿಕೊಂಡ ಜಾಗ ಒಡೆಸಿ ದಾರಿ ಬಿಡಿಸಿದರು. ನೀರು ಇಳಿಯಿತು. ಅವರ ಜೀವನ ಚರಿತ್ರೆಗಳಲ್ಲಿ ಈ ರಾತ್ರಿಯ ವಿಷಯ ಬರುತ್ತದೆ. ಆಗ ಅವರಿಗೆ 51 ವರ್ಷ, ಪ್ರಾಂತ್ಯಕ್ಕೇ ಗೊತ್ತಿದ್ದ ನಾಯಕ. ಬೆಳಿಗ್ಗೆ ವರದಿ ತರಿಸಿಕೊಂಡರೂ ಆಗುತ್ತಿತ್ತು. ರಾತ್ರಿಯೇ ಹೋದದ್ದರಿಂದ ಎಷ್ಟು ಮನೆ ಉಳಿದವೋ.

ಆಮೇಲೆ ಗುಜರಾತಿನ ಹಳ್ಳಿಗಳಿಗೆ ಸ್ವಯಂಸೇವಕರ ಮೂಲಕ ಧಾನ್ಯ, ಬೀಜ ಕಳಿಸುವ ವ್ಯವಸ್ಥೆ ಮಾಡಿದರು. ಸರ್ಕಾರದ ಜೊತೆ ಅಸಹಕಾರ ಮಾಡಿದ್ದ ಮನುಷ್ಯ ಈ ಕೆಲಸಕ್ಕೆ ಸರ್ಕಾರದ ಜೊತೆ ಕೂತು ಮಾತಾಡಿ, ಬರ ಪರಿಹಾರ ನಿಧಿಯಿಂದ ಒಂದು ಕೋಟಿ ರೂಪಾಯಿ ಬಿಡಿಸಿದರು. ಹಟ ಎಲ್ಲಿ ಮಾಡಬೇಕು, ಎಲ್ಲಿ ಬಿಡಬೇಕು ಎಂಬ ಲೆಕ್ಕ ಅವರಿಗೆ ಗೊತ್ತಿತ್ತು.

ಬಾರ್ಡೋಲಿಯಿಂದ ಅಂಕೋಲಾಕ್ಕೆ

1928ರ ಫೆಬ್ರವರಿಯಲ್ಲಿ ಸೂರತ್ ಜಿಲ್ಲೆಯ ಬಾರ್ಡೋಲಿ ತಾಲ್ಲೂಕಿನ ರೈತರು ಪಟೇಲರ ಹತ್ತಿರ ಬಂದರು. ಸರ್ಕಾರ ಭೂಕಂದಾಯವನ್ನು ಶೇ. 22ರಷ್ಟು ಏರಿಸಿತ್ತು. ಪಟೇಲರು ಹೋರಾಟಕ್ಕೆ ಇಳಿದರು. ಏಪ್ರಿಲ್‌ನಲ್ಲಿ ಪುರಸಭೆಯ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಎಮ್ಮೆ ಜಪ್ತಿ ಮಾಡಿದರೂ, ಜಮೀನು ಹರಾಜು ಹಾಕಿದರೂ ಬಾರ್ಡೋಲಿಯ ರೈತರು ಕಂದಾಯ ಕಟ್ಟಲಿಲ್ಲ. ಆಗಸ್ಟಿನಲ್ಲಿ ಸರ್ಕಾರ ಮಣಿಯಿತು. ವಿಚಾರಣೆ ನಡೆದು ಏರಿಕೆ ಶೇ. 6ರ ಆಸುಪಾಸಿಗೆ ಇಳಿಯಿತು. ಸರ್ದಾರ್ ಎಂಬ ಹೆಸರು ಬಂದಿದ್ದು ಅಲ್ಲಿಂದ.

ಆ ಬಾರ್ಡೋಲಿಯ ಗಾಳಿ ನಮ್ಮ ಕಡೆಗೂ ಬೀಸಿತು. 1930ರ ದಶಕದ ಮೊದಲಲ್ಲಿ ಅಂಕೋಲಾ, ಸಿದ್ದಾಪುರ, ಹಿರೇಕೆರೂರು ಭಾಗದ ರೈತರು ಕರ ನಿರಾಕರಣೆ ಮಾಡಿ ಜಮೀನು, ಮನೆ, ದನಕರು ಕಳೆದುಕೊಂಡರು. ಅಂಕೋಲಾಕ್ಕೆ ಕರ್ನಾಟಕದ ಬಾರ್ಡೋಲಿ ಅಂತಲೇ ಹೆಸರು ಬಂತು.

ಮುಂದಿನ ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಜೈಲು, 1931ರ ಕರಾಚಿ ಕಾಂಗ್ರೆಸ್ ಅಧ್ಯಕ್ಷತೆ, 1947ರಲ್ಲಿ ಉಪಪ್ರಧಾನಿ ಮತ್ತು ಗೃಹಮಂತ್ರಿ, ಸಂಸ್ಥಾನಗಳ ವಿಲೀನ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಕಾರ್ಯಾಚರಣೆಯಿಂದ ಬೀದರ್, ಕಲಬುರಗಿ, ರಾಯಚೂರಿನ ಕನ್ನಡಿಗರಿಗೂ ನಿಜಾಮರ ಆಳ್ವಿಕೆಯಿಂದ ಬಿಡುಗಡೆ ಸಿಕ್ಕಿತು. 1950ರ ಡಿಸೆಂಬರ್ 15ರಂದು ಮುಂಬೈಯಲ್ಲಿ ಪಟೇಲರು ತೀರಿಕೊಂಡರು.

ನರ್ಮದಾ ದಡದಲ್ಲಿ ಈಗ ಅವರ 182 ಮೀಟರ್ ಎತ್ತರದ ಮೂರ್ತಿ ಇದೆ. ಜಗತ್ತಿನಲ್ಲೇ ಎತ್ತರದ್ದು. ನೋಡೋಕೆ ಹೋದವರು ತಲೆ ಎತ್ತಿ ನೋಡಬೇಕು. ಅವರು ಹನ್ನೊಂದು ವರ್ಷ ಮಾಡಿದ ಪುರಸಭೆ ಕೆಲಸದಲ್ಲಿ ಹೆಚ್ಚಿನದ್ದು ತಲೆ ತಗ್ಗಿಸಿ ನೋಡಬೇಕಾದದ್ದು. ಗಟಾರ, ಪೈಪು, ನೀರು ನಿಂತ ಗಲ್ಲಿ.

ನಮ್ಮ ಪುರಸಭೆ, ಪಟ್ಟಣ ಪಂಚಾಯಿತಿಗಳ ಸಭಾಂಗಣದಲ್ಲೂ ಅವರ ಫೋಟೋ ಇರುತ್ತದೆ. ಅದರ ಕೆಳಗೆ ಕೂತ ಸದಸ್ಯರು ಒಬ್ಬೊಬ್ಬರೂ ಒಂದು ವಾರ್ಡಿನಿಂದ ಗೆದ್ದು ಬಂದವರೇ. ಕೆಲವರು ನೂರು ಮತದಿಂದ, ಕೆಲವರು ಹತ್ತು ಮತದಿಂದ. ಪಟೇಲರು ಗೆದ್ದಿದ್ದು ಒಂದರಿಂದ. ಆ ಒಂದು ಮತ ಹಾಕಿದ ದರಿಯಾಪುರದವರು ಯಾರು ಎಂದು ಯಾವ ಪುಸ್ತಕದಲ್ಲೂ ಇಲ್ಲ. ಅವತ್ತು ಅವರು ಅಂಗಡಿ ಬಾಗಿಲು ಹಾಕಿ ಮತ ಹಾಕಲು ಹೋಗದೆ ಇದ್ದಿದ್ದರೆ ಪಟೇಲರ ಹೆಸರು ವಕೀಲರ ಪಟ್ಟಿಯಲ್ಲೇ ಉಳಿಯುತ್ತಿತ್ತೋ ಏನೋ. ಮುಂದಿನ ಸಲ ಪುರಸಭೆ ಚುನಾವಣೆ ದಿನ ನಮ್ಮದೊಂದು ವೋಟಿನಿಂದ ಏನಾಗುತ್ತೆ ಎಂದು ಅನಿಸಿದರೆ ಇದು ನೆನಪಿರಲಿ.